ಏಳನೇ ಹಾಡಿನ ಸಪ್ಪಳ

ಯಳವತ್ತಿ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಬೈಕನ್ನು ರಸ್ತೆ ಪಕ್ಕದ ಚಹಾದಂಗಡಿಯ ತಗಡಿನ ಕೆಳಗೆ ನಿಲ್ಲಿಸಿ, ಔಷಧಿಯ ಚೀಲವನ್ನು ಹೊಟ್ಟೆಗೆ ಅವಚಿಕೊಂಡು ನಿಂತೆ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಈ ನಾಲ್ಕು ಊರುಗಳ ಡಾಕ್ಟರುಗಳಿಗೆ ಔಷಧಿ ಕಂಪನಿಯ ಪರವಾಗಿ ನಮಸ್ಕಾರ ಹಾಕಿ ಬರುವುದು ನನ್ನ ಕೆಲಸ. ಒಂದು ಕಡೆ ಕೂಡಲಾರದವನಿಗೆ ಇದಕ್ಕಿಂತ ಒಳ್ಳೆಯ ನೌಕರಿ ಸಿಗಲಾರದು ಎಂದು ಹೆಂಡತಿ ಆಗಾಗ ಹಂಗಿಸುತ್ತಾಳೆ. ಸುಳ್ಳೇನಲ್ಲ. ಕಾಯುವುದೆಂದರೆ ನನಗೆ ಮೈಯೆಲ್ಲ ಇರುವೆ ಹತ್ತಿದಂತಾಗುತ್ತದೆ. ಮಳೆ ನಿಲ್ಲುವವರೆಗೆ ಏನು ಮಾಡಬೇಕೆಂದು ತಿಳಿಯದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಬೆರಳು ಬಡಿಯುತ್ತಿದ್ದೆ. ಆಗ ಹುಬ್ಬಳ್ಳಿಯ ಸ್ಟುಡಿಯೋದಿಂದ ಶ್ವೇತಾಳ ಫೋನು ಬಂತು. ನಮ್ಮ ಹಳೆಯ ಹಾಡುಗಳನ್ನು ತಿಕ್ಕಿ ತೊಳೆದು ಆಲ್ಬಂ ಮಾಡುತ್ತಿರುವವಳು ಅವಳೇ.

"ಸರ್, ಏಳನೇ ಹಾಡಿನ್ಯಾಗ ಒಂದು ಸಪ್ಪಳ ಬರಾಕತ್ತೈತ್ರಿ. ಖಟ್, ಧಡ್. ಖಟ್, ಧಡ್. ಮೊದಲಿಂದ ಕಡೀತನಕ ಅದ ಐತಿ. ಪ್ರಕಾಶ ಸರ್ ತಗದುಬಿಡು ಅಂದಾರ. ತಗೀಲೇನ್ರಿ?"

ಟ್ಯಾಂಕಿನ ಮೇಲಿನ ಬೆರಳು ನಿಂತವು. ಅದು ಏನೆಂದು ನನಗೆ ಗೊತ್ತಿತ್ತು. ಅದನ್ನು ಕೇಳಬಾರದೆಂದೇ ಹನ್ನೆರಡು ವರ್ಷ ಆ ಹಾಡಿನ ತಂಟೆಗೆ ಹೋಗಿರಲಿಲ್ಲ.

"ಮುಟ್ಟಬ್ಯಾಡ. ನಾ ಬಂದು ಕೇಳ್ತೀನಿ" ಎಂದೆ.

"ಜಲ್ದಿ ಬರ್ರಿ ಮತ್ತ. ನಾಳಿ ಸಂಜಿಗೆ ಕಳಿಸಬೇಕ್ರಿ."

ನಮ್ಮ ಬ್ಯಾಂಡಿನ ಹೆಸರು 'ಎರಿಮಣ್ಣು'. ಇಂದು ಆ ಹೆಸರು ಹೇಳಿದರೆ ಜನರಿಗೆ ನೆನಪಾಗುವುದು ಮದುವೆಯ ವಿಡಿಯೋಗಳಿಗೆ ಹಿಂದಿನಿಂದ ಹಾಕುವ ಮೆತ್ತನೆಯ ಹಾಡುಗಳು, ಕೊಳಲು, ಪ್ರಕಾಶನ ಸಕ್ಕರೆಯಂಥ ದನಿ. ಅದಕ್ಕೂ ಮುಂಚೆ ಒಂದು ಮಳೆಗಾಲ ನಾವು ಮೂವರೇ ಇದ್ದೆವು. ಲಕ್ಷ್ಮೇಶ್ವರದ ಪ್ರಕಾಶ ಹಾಡುತ್ತ ಗಿಟಾರ್ ಬಾರಿಸುತ್ತಿದ್ದ, ಹಮ್ಮಿಗಿಯ ಮಂಜುನಾಥ ಬೇಸ್ ಗಿಟಾರ್ ಹಿಡಿಯುತ್ತಿದ್ದ, ಬೆಟಗೇರಿಯ ನಾನು ಡ್ರಮ್ ಬಡಿಯುತ್ತಿದ್ದೆ. ಕೊಳಲೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಕೇಳಿದವರ ಕಿವಿ ಎರಡು ದಿನ ಗುಂಯ್ ಎನ್ನಬೇಕು, ಅಂಥ ಹಾಡುಗಳು. ಕೆಟ್ಟ ರಸ್ತೆಯ ಮೇಲೆ ಒಂದು, ಬಾರದ ಬಸ್ಸಿನ ಮೇಲೆ ಒಂದು, ಕರೆಂಟು ಹೋದ ಮಧ್ಯಾಹ್ನದ ಮೇಲೆ ಒಂದು. ಅವುಗಳಲ್ಲಿ ಎರಡು ಹಾಡು ಮೊದಮೊದಲು ಫೋನಿಂದ ಫೋನಿಗೆ ಅಲೆದು ಮರೆಯಾದವು. ಮೂಲ ದಾಖಲೆಗಳೆಲ್ಲ ಮಂಜುನಾಥನ ಕಪಾಟಿನಲ್ಲಿ ಒಂದು ಹಾರ್ಡ್ ಡಿಸ್ಕಿನೊಳಗೆ ಬಿದ್ದಿದ್ದವು. ಈಗಿನ ಕಾಲೇಜು ಹುಡುಗರಿಗೆ ಹೇಗೋ ಖಬರು ಹತ್ತಿ, ಹಳೆಯ ಗಟ್ಟಿ ಹಾಡುಗಳನ್ನೆಲ್ಲ ಒಟ್ಟಿಗೆ ಹಾಕಿರಿ ಎಂದು ಬೆನ್ನು ಬಿದ್ದರು. ಹಾಗೆ ಹುಟ್ಟಿದ್ದು ಈ ಏಳು ಹಾಡಿನ ಆಲ್ಬಂ.

ಏಳೂ ಹಾಡುಗಳನ್ನು ನಾವು ರೆಕಾರ್ಡ್ ಮಾಡಿದ್ದು ಅಮಾವಾಸ್ಯೆಯ ದಿನಗಳಂದೇ. ಅದರಲ್ಲಿ ಮಾಟ ಮಂತ್ರ ಏನೂ ಇಲ್ಲ. ನಮ್ಮದು ನೇಕಾರರ ಓಣಿ. ಬೆಳಗಾದರೆ ಸಾಕು, ಆ ಮನೆಯಲ್ಲೂ ಈ ಮನೆಯಲ್ಲೂ ವಿದ್ಯುತ್ ಮಗ್ಗಗಳು ಒದರತೊಡಗುತ್ತವೆ. ಅದರ ನಡುವೆ ಮೈಕು ಇಟ್ಟರೆ ಮಗ್ಗದ ಹಾಡೇ ದಾಖಲಾಗಬೇಕು. ಆದರೆ ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ನೇಯುವುದಿಲ್ಲ. ಮಗ್ಗಕ್ಕೆ ನೀರು ಚಿಮುಕಿಸಿ, ಪೂಜೆ ಮಾಡಿ, ಕಾಯಿ ಒಡೆದು ಬಿಟ್ಟುಬಿಡುತ್ತಾರೆ. ಎಷ್ಟೇ ಬಡವನಿರಲಿ, ಎಷ್ಟೇ ಅವಸರದ ಸೀರೆಯಿರಲಿ, ಆ ದಿನ ಲಾಳಿ ಮುಟ್ಟಿದವನನ್ನು ಓಣಿ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಓಣಿ ಹಾಗೆ ಸುಮ್ಮನಾದಾಗ ನಮ್ಮ ಮನೆಗೆ ಹೊಂದಿದ ಹಳೆಯ ನೂಲಿನ ಕೋಣೆಯಲ್ಲಿ ನಾವು ಗದ್ದಲ ಎಬ್ಬಿಸುತ್ತಿದ್ದೆವು. ಆ ಕೋಣೆಗೂ ಅಪ್ಪನ ಮಗ್ಗಕ್ಕೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಕಿಂಡಿ.

ಅಪ್ಪನದು ಕೈಮಗ್ಗ. ನೆಲದಲ್ಲಿ ಕುಣಿ ತೋಡಿ ಕೂಡಿಸಿದ್ದು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕಾಲಿನಿಂದ ಹಲಗೆ ತುಳಿದು, ಬಲಗೈಯಿಂದ ಹಗ್ಗ ಜಗ್ಗಿದರೆ ಅಡ್ಡನೂಲು ಹೊತ್ತ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತದೆ, ಖಟ್. ಎಡಗೈಯಿಂದ ಎದುರಿಗೆ ತೂಗುವ ಹಲಗೆಯನ್ನು ಎಳೆದು ನೂಲನ್ನು ಒತ್ತಿದರೆ ಧಡ್. ನಾನು ಹುಟ್ಟಿದಾಗಿನಿಂದ ಕೇಳಿದ ಸಪ್ಪಳ ಅದು. ಬೇರೆ ಮಕ್ಕಳು ಜೋಗುಳಕ್ಕೆ ಮಲಗುತ್ತಾರೆ, ನಾನು ಇದಕ್ಕೆ ಮಲಗಿದವನು. ಮಗ್ಗ ನಿಂತರೆ ಎಚ್ಚರಾಗಿ ಅಳುತ್ತಿದ್ದೆ ಎಂದು ಅವ್ವ ಹೇಳುತ್ತಾಳೆ.

ಆ ವರ್ಷ ನನ್ನ ಡಿಗ್ರಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಬೆಳಿಗ್ಗೆ ಎದ್ದರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತಿತ್ತು, ಎಲ್ಲಿಗೆ ಅಂತ ತಿಳಿಯುತ್ತಿರಲಿಲ್ಲ. ಗದಗ ಬಸ್ ನಿಲ್ದಾಣದವರೆಗೆ ನಡೆದು ಹೋಗಿ, ಯಾವ ಬಸ್ಸೂ ಹತ್ತದೆ ವಾಪಸು ಬರುತ್ತಿದ್ದೆ. ಮಗ್ಗದ ಮೇಲೆ ಕೂಡು ಎಂದು ಅಪ್ಪ ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. ಡ್ರಮ್ಮಿನ ಬಗ್ಗೆಯೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಲಕ್ಷ್ಮೇಶ್ವರದ ಮದುವೆ ಬ್ಯಾಂಡಿನವರಿಂದ ಪ್ರಕಾಶ ಕೇಳಿ ತಂದ ಆ ಹಳೇ ಡ್ರಮ್ ಸೆಟ್ಟು ಟಂಟಂ ವಾಹನದಿಂದ ಇಳಿದಾಗ, ಅಪ್ಪ ಹೊರಗೆ ಬಂದು ದೊಡ್ಡ ಡ್ರಮ್ಮಿನ ತೊಗಲನ್ನು ಬೆರಳಿಂದ ಒತ್ತಿ ನೋಡಿ, "ಸಡಲೈತಿ" ಎಂದಷ್ಟೇ ಹೇಳಿ ಒಳಗೆ ಹೋದ. ಅವನ ಆ ಸುಮ್ಮನಿರುವಿಕೆ ನನ್ನನ್ನು ಉರಿಸುತ್ತಿತ್ತು.

ಮೊದಲ ರೆಕಾರ್ಡಿಂಗ್ ಮಣ್ಣೆತ್ತಿನ ಅಮಾವಾಸ್ಯೆಗೆ. ಹೊರಗೆ ಮುಂಗಾರಿನ ಜಿಟಿಜಿಟಿ. ಅವ್ವ ಕಟ್ಟೆಯ ಮೇಲೆ ಕೂತು ಎರೆಮಣ್ಣು ನಾದಿ ಎತ್ತು ಮಾಡುತ್ತಿದ್ದಳು. ನಾನು ಕಾಲಿನಿಂದ ಒದ್ದಂತೆಲ್ಲ ದೊಡ್ಡ ಡ್ರಮ್ಮು ಮುಂದೆ ಮುಂದೆ ಜಾರುತ್ತಿತ್ತು. ಮಂಜುನಾಥ ಹಿಂದೆಮುಂದೆ ನೋಡದೆ ಅವ್ವನ ಮಣ್ಣಿನ ಮುದ್ದೆಯನ್ನೇ ಎತ್ತಿ ತಂದು ಡ್ರಮ್ಮಿನ ಮುಂದೆ ಒತ್ತಿಬಿಟ್ಟ.

"ಏ ಮಂಜ್ಯಾ, ಅದು ಎತ್ತಿನ ಮಣ್ಣೋ! ಹೊಲದಾಂವ ಆಗಿ ಇಷ್ಟರ ತಿಳಿಯಂಗಿಲ್ಲೇನು ನಿನಗ?" ಅವ್ವ ಬಾಗಿಲಲ್ಲಿ ನಿಂತು ಬೈದಳು.

"ಇವನೂ ಎತ್ತ ಅದಾನಬೇ, ಕಟ್ಟಿ ಹಾಕಬೇಕಾಗೇತಿ" ಎಂದು ಮಂಜುನಾಥ ನನ್ನ ಕಡೆ ಕೈ ಮಾಡಿದ. ಅವ್ವ ನಕ್ಕು, ಉಳಿದ ಮಣ್ಣಿನಲ್ಲೇ ಎರಡು ಗಿಡ್ಡ ಎತ್ತು ಮಾಡಿ ಪೂಜೆ ಮುಗಿಸಿದಳು.

ಡ್ರಮ್ಮನ್ನೇನೋ ಮಣ್ಣಿನಿಂದ ಹಿಡಿದೆವು, ನನ್ನನ್ನು ಹಿಡಿಯುವುದು ಹೇಗೆ? ನನ್ನ ರೋಗವೇ ಅದು. ಹಾಡು ಶುರುವಾಗುವಾಗ ಇದ್ದ ವೇಗ ಮುಗಿಯುವಾಗ ಇರುತ್ತಿರಲಿಲ್ಲ. ಒಂದು ಸಾಲು ಮುಗಿಯುವುದರೊಳಗೆ ಮುಂದಿನ ಸಾಲಿಗೆ ನನ್ನ ಕೈ ಹೋಗಿರುತ್ತಿತ್ತು. ಪ್ರಕಾಶ ಹಾಡು ನಿಲ್ಲಿಸಿ ಗಿಟಾರಿನ ಮೇಲಿಂದ ಕೈ ತೆಗೆದು ಕೇಳುತ್ತಿದ್ದ:

"ಲೇ ಗಿರ್ಯಾ, ಯಾವ ಬಸ್ ಹಿಡೀಬೇಕಾಗೇತಿ ನಿನಗ?"

ಅವತ್ತು ಮೂರು ಹಾಡು, ಮುಂದಿನ ನಾಗರ ಅಮಾವಾಸ್ಯೆಗೆ ಮತ್ತೆ ಮೂರು ಹಾಡು ಆದವು. ಆರರಲ್ಲೂ ನಾನು ಓಡಿದ್ದೇನೆ. ಅವರಿಬ್ಬರೂ ಏದುಸಿರು ಬಿಡುತ್ತ ನನ್ನ ಹಿಂದೆ ಓಡಿದ್ದಾರೆ. ಅದೇ ಒಂದು ಮಜಾ ಎಂದು ಈಗಿನ ಹುಡುಗರು ಹೇಳುತ್ತಾರಂತೆ, ಇರಲಿ.

ಏಳನೆಯದು ಅದರ ಮುಂದಿನ ಬೆನಕನ ಅಮಾವಾಸ್ಯೆಗೆ. ಅದು ಕಷ್ಟದ ಹಾಡು, ನಿಧಾನದ್ದು. ಎಮ್ಮೆ ಎದ್ದು ನಡೆದಂತೆ ಭಾರವಾಗಿ ನಡೆಯಬೇಕು, ಅವಸರ ಮಾಡಿದರೆ ಸತ್ತಂತೆ. ಬೆಳಗಿನಿಂದ ಹತ್ತು ಸಲ ಬಾರಿಸಿದ್ದೆವು, ಹತ್ತು ಸಲವೂ ನಾನು ಕೆಡಿಸಿದ್ದೆ. ಪ್ರಕಾಶನ ಗಂಟಲು ಹೋಗಿತ್ತು. ಇದಾಗದಿದ್ದರೆ ಬೇರೆ ಡ್ರಮ್ಮಿನವನನ್ನು ನೋಡುತ್ತೇನೆ ಎಂದು ಅವನು ಹೇಳಿದ್ದು ತಮಾಷೆಗಲ್ಲ. ಆಮೇಲೆ ಮಧ್ಯಾಹ್ನ, ಊಟವಾದ ಮೇಲೆ, ಹನ್ನೊಂದನೆಯ ಸಲ ಹೇಗೋ ಸರಿಯಾಯಿತು. ಕಾಲು ತನ್ನಷ್ಟಕ್ಕೆ ತಾನು ತಡೆದು ಬಿತ್ತು. ನೆಲವೇ ನನ್ನ ಹಿಮ್ಮಡಿ ಹಿಡಿದಂತಿತ್ತು. ಹಾಡು ಮುಗಿದಾಗ ಪ್ರಕಾಶ ಗಿಟಾರ್ ಬಿಸಾಡಿ ಬಂದು ನನ್ನ ತಲೆಯನ್ನು ಕಂಕುಳಲ್ಲಿ ಹಿಡಿದುಕೊಂಡ. ಅಷ್ಟು ಸುಖ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಮೇಲೆ ಕಂಪ್ಯೂಟರಿನಲ್ಲಿ ಹಾಕಿ ಕೇಳಿದೆವು. ನಡುವೆ ಡ್ರಮ್ಮು ನಿಂತು ಬೇಸ್ ಒಂದೇ ಗುನುಗುವ ಜಾಗ ಬಂತು. ಅಲ್ಲಿ ಖಟ್, ಧಡ್. ಖಟ್, ಧಡ್.

ಮೂವರೂ ಮುಖ ಮುಖ ನೋಡಿಕೊಂಡೆವು. ಕೋಣೆಯ ಮೈಕು ತೂಗುಬಿಟ್ಟಿದ್ದು ಆ ಕಿಂಡಿಯ ಬಳಿ. ನಮ್ಮ ಗದ್ದಲದಲ್ಲಿ ನಮಗೆ ಕೇಳಿಸದಿದ್ದದ್ದು ಅದಕ್ಕೆ ಕೇಳಿಸಿತ್ತು. ಅಪ್ಪ ಮಗ್ಗ ಹೊಡೆದಿದ್ದ. ಅಮಾವಾಸ್ಯೆಯ ದಿನ.

ನನಗೆ ಏನಾಯಿತೋ. ಜೀವಮಾನದಲ್ಲಿ ಅಮಾವಾಸ್ಯೆ ಮುರಿಯದ ಮನುಷ್ಯ ಇಂದೇ ಮುರಿಯಬೇಕಾದರೆ ನನ್ನ ಹಾಡು ಕೆಡಿಸುವುದಕ್ಕೇ ಸರಿ, ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಹೇಳಲಾರದೆ ಹೀಗೆ ಹೇಳಿದ್ದಾನೆ ಎಂದು ತಲೆಗೆ ಹತ್ತಿಬಿಟ್ಟಿತು. ಹೊರಗೆ ಓಡಿ, ಸುತ್ತು ಹಾಕಿ, ಮನೆಯ ಬಾಗಿಲಿಗೆ ಬಂದೆ. ಅಪ್ಪ ಇನ್ನೂ ಕುಣಿಯಲ್ಲಿ ಕಾಲು ಇಳಿಬಿಟ್ಟೇ ಕೂತಿದ್ದ. ಕೈಯಲ್ಲಿ ಹಗ್ಗ ಇತ್ತು. ಮುಖದಲ್ಲಿ ಏನೋ ಒಂದು ಹೊಳಪಿತ್ತು. ಅದನ್ನು ನಾನು ಕುಚೋದ್ಯ ಎಂದು ಓದಿಕೊಂಡೆ.

"ಅಮಾಸಿ ದಿನ ನೇಯಾಕ ಹತ್ತೀಯಲ್ಲಪಾ! ನಾಚಿಕಿ ಬರಂಗಿಲ್ಲ? ನನ್ನ ಹಾಡ ಕೆಡಸಾಕ ದೇವರ್ನೂ ಬಿಟ್ಟಿ?"

ಓಣಿ ಸುಮ್ಮನಿದ್ದ ದಿನ ಅದು. ನನ್ನ ದನಿಯಂತೂ ಡ್ರಮ್ಮಿನ ಮೇಲೆ ಕೂಗಿ ಕೂಗಿ ದೊಡ್ಡದಾಗಿತ್ತು. ಈ ತುದಿಯಿಂದ ಆ ತುದಿಗೆ ಎಲ್ಲ ಕಟ್ಟೆಗಳಿಗೂ ಮುಟ್ಟಿತು. ಅಪ್ಪನ ಮುಖದ ಹೊಳಪು ಹೋಯಿತು. ಕುಣಿಯಿಂದ ಎದ್ದು, ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡ.

ಸಂಜೆಯೊಳಗೆ ಓಣಿಯ ಹಿರಿಯರು ಬಂದರು. ಅಪ್ಪನ ಕಡೆಯ ಉತ್ತರಕ್ಕಾಗಿ ಬಹಳ ಹೊತ್ತು ಕೂತರು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮರುದಿನ ಓಣಿಯ ಗುಡಿಗೆ ಹೋಗಿ ತಪ್ಪುಕಾಯಿ ಒಡೆದು, ಎಲ್ಲರೆದುರು ಕೈಮುಗಿದು ನಿಂತು ಬಂದ. ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದರು. ಆದರೆ ನಮ್ಮ ಓಣಿಯಲ್ಲಿ ಮೂವರು ಈರಪ್ಪಂದಿರಿದ್ದರು. ಒಬ್ಬ ಗಿರಣಿ ಈರಪ್ಪ, ಒಬ್ಬ ಉದ್ದನ ಈರಪ್ಪ. ನಮ್ಮಪ್ಪನಿಗೆ ಅಲ್ಲಿಯವರೆಗೆ ಅಡ್ಡಹೆಸರು ಇರಲಿಲ್ಲ. ಆ ವಾರದಿಂದ ಅವನು ಅಮಾಸಿ ಈರಪ್ಪ ಆದ. ಈಗಲೂ ಪಾರ್ಸಲ್ ತಂದವರು "ಅಮಾಸಿ ಈರಪ್ಪಾರ ಮನಿ ಇದ ಏನ್ರಿ?" ಎಂದೇ ಕೇಳುತ್ತಾರೆ. ಅಪ್ಪ ಓ ಎನ್ನುತ್ತಾನೆ.

ನಾನು ತಪ್ಪು ಮಾಡಿದೆ ಎಂದು ಆಗ ಅನ್ನಿಸಲಿಲ್ಲ. ತಿಂಗಳುಗಟ್ಟಲೆ ಅವನ ಜೊತೆ ಮಾತು ಬಿಟ್ಟೆ. ಅವನು ಮೊದಲೇ ಮಾತು ಕಡಿಮೆ, ಬಿಟ್ಟದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಮುಂಡರಗಿಯ ಒಂದು ಕಾಲೇಜಿನ ಸಮಾರಂಭಕ್ಕೆ ನಮ್ಮನ್ನು ಕರೆದರು. ಮಧ್ಯಾಹ್ನದ ಬಿಸಿಲು, ಕಪ್ಪತಗುಡ್ಡದ ಕಡೆಯಿಂದ ಶಾಮಿಯಾನ ಹಾರಿಸುವ ಗಾಳಿ. ಮೊದಲ ಹಾಡಿಗೇ ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡರು. ಎರಡನೆಯದಕ್ಕೆ ಹಿಂದಿನ ಹುಡುಗರು ಎದ್ದು ಹೋಗತೊಡಗಿದರು. ಪ್ರಕಾಶ ನಮ್ಮ ಕಡೆ ಒಮ್ಮೆ ನೋಡಿ, ಕೈ ಮಾಡಿ ನನ್ನನ್ನು ನಿಲ್ಲಿಸಿ, ಗಿಟಾರಿನ ಕರ್ಕಶವನ್ನೆಲ್ಲ ಇಳಿಸಿ, ತಾನೇ ಬರೆದ ಒಂದು ಮೆತ್ತನೆಯ ಹಾಡು ಹಾಡಿದ. ಬಯಲಿಗೆ ಬಯಲೇ ಅವನ ಜೊತೆ ತೂಗಿತು. ನಾನು ಕೋಲು ತೊಡೆಯ ಮೇಲಿಟ್ಟುಕೊಂಡು ಅತಿಥಿಯ ಹಾಗೆ ಕೂತಿದ್ದೆ.

ವಾಪಸು ಬರುವಾಗ ಹಮ್ಮಿಗಿಯಲ್ಲಿ ಮಂಜುನಾಥನ ಮನೆಯ ಜೋಳದ ರೊಟ್ಟಿ ಉಂಡು ಹೊಳೆಯ ದಂಡೆಗೆ ಹೋದೆವು. ತುಂಗಭದ್ರೆ ಕೆಂಪಗೆ ತುಂಬಿತ್ತು. ಪ್ರಕಾಶ ನೀರನ್ನೇ ನೋಡುತ್ತ, "ಇನ್ನ ಮ್ಯಾಲೆ ಹಿಂಗ ಹಾಡೂಣು. ಮಂದಿಗಿ ಇದು ಬೇಕಾಗೇತಿ" ಎಂದ.

"ನಿನಗೇನ ಬೇಕಾಗೇತಿ?" ಎಂದೆ.

"ನನಗ ಮಂದಿ ಬೇಕಾಗ್ಯಾರಲೇ ಗಿರ್ಯಾ" ಎಂದ, ಖರೆ ಮಾತು. ಸಿಟ್ಟು ಮಾಡಲು ಅದರಲ್ಲಿ ಏನೂ ಇರಲಿಲ್ಲ. ಆದರೂ ನಾನು ಮರುದಿನವೇ ಬ್ಯಾಂಡು ಬಿಟ್ಟೆ. ತಡೆದು ಯೋಚಿಸುವುದು ನನ್ನಿಂದ ಯಾವತ್ತು ಆಗಿದೆ? ಔಷಧಿ ಕಂಪನಿಯ ಕೆಲಸ ಸಿಕ್ಕಿತು, ಬೈಕು ಸಿಕ್ಕಿತು, ಆಮೇಲೆ ನಿಂತದ್ದೇ ಇಲ್ಲ.

ಶ್ವೇತಾಳ ಫೋನು ಬಂದ ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಹೋದೆ. ತೆಗೆದುಬಿಡು ಎಂದು ಹೇಳಲೆಂದೇ ಹೋದದ್ದು. ಅವಳು ಹೆಡ್‌ಫೋನು ನನ್ನ ಕಿವಿಗೆ ಹಾಕಿ, ಬೇರೆಲ್ಲ ದನಿಗಳನ್ನೂ ಮುಚ್ಚಿ, ಕಿಂಡಿಯ ಬಳಿಯ ಮೈಕನ್ನಷ್ಟೇ ಬಿಟ್ಟಳು. ದೂರದಲ್ಲೆಲ್ಲೋ ನಮ್ಮ ಗದ್ದಲ. ಹತ್ತಿರದಲ್ಲಿ ಖಟ್, ಧಡ್.

"ಒಂದು ಮಾತು ಹೇಳ್ಲೇನ್ರಿ ಸರ್? ಸಿಟ್ಟಾಗಬ್ಯಾಡ್ರಿ. ಆರು ಹಾಡಿನ್ಯಾಗ ನೀವು ಓಡೀರಿ. ಇದರಾಗ ಓಡಿಲ್ಲ. ಯಾಕಂದ್ರ ಈ ಸಪ್ಪಳ ಓಡಿಲ್ರಿ. ನೋಡ್ರಿಲ್ಲೆ."

ಅವಳು ಪರದೆಯ ಮೇಲೆ ಬೆರಳಿಟ್ಟಳು. ಹಾಡು ಶುರುವಾಗಿ ನಾಲ್ಕು ಏಟಿನ ನಂತರ ಮಗ್ಗ ಶುರುವಾಗಿತ್ತು. ಎರಡನೆಯ ಸಾಲಿನಲ್ಲಿ ನನ್ನ ಏಟು ಒಂದು ಕೂದಲಷ್ಟು ಮುಂದೆ ಹೋಗಿ, ಮಗ್ಗದ ಏಟು ಅಲ್ಲೇ ನಿಂತು, ಮುಂದಿನ ಸುತ್ತಿಗೆ ನಾನು ಹಿಂದೆ ಬಂದಿದ್ದೆ. ನಾವು ತಡೆದಲ್ಲಿ ಅದು ತಡೆದಿತ್ತು. ನಾವು ಮುಗಿಸಿದಲ್ಲಿ ಅದು ಒಂದು ಏಟು ಹೆಚ್ಚು ಹೊಡೆದಿರಲಿಲ್ಲ. ಹೊಟ್ಟೆಯುರಿಗೆ ನೇಯುವವನು ಹಾಡಿನ ಜೊತೆ ನಿಲ್ಲುತ್ತಾನೆಯೇ? ನೆಲ ಹಿಮ್ಮಡಿ ಹಿಡಿದಂತಿತ್ತು ಎಂದೆನಲ್ಲ, ಕಿವಿಗೆ ಕೇಳದ ಮಗ್ಗದ ಏಟು ನೆಲದೊಳಗಿಂದ ಕಾಲಿಗೆ ಮುಟ್ಟಿತ್ತು, ಹಿಡಿದದ್ದು ಅವನು.

ಪ್ರಕಾಶನಿಗೆ ಅಲ್ಲಿಂದಲೇ ಫೋನು ಮಾಡಿ ಹೇಳಿದೆ. "ಹಂಗಾರ ಅದು ಸಪ್ಪಳ ಅಲ್ಲಲೇ, ನಾಕನೇದಾಂವ" ಎಂದ.

ಮಧ್ಯಾಹ್ನ ಬೆಟಗೇರಿಗೆ ಬಂದಾಗ ಅಪ್ಪ ಕಟ್ಟೆಯ ಮೇಲಿದ್ದ. ಮಂಡಿ ನೋವಿಗೆ ಮಗ್ಗ ಬಿಟ್ಟು ಮೂರು ವರ್ಷವಾಯಿತು. ಕುಣಿಗೆ ಹಲಗೆ ಮುಚ್ಚಿ ಅದರ ಮೇಲೆ ನನ್ನ ಮಗಳು ಅಭ್ಯಾಸಕ್ಕೆ ಕೂಡುತ್ತಾಳೆ. ಹೆಡ್‌ಫೋನು ಅವನ ಕಿವಿಗೆ ಹಾಕಿ, ಶ್ವೇತಾ ಫೋನಿಗೆ ಕೊಟ್ಟ ಹಾಡು ಹಚ್ಚಿದೆ, ಏನು ಎತ್ತ ಹೇಳಲಿಲ್ಲ. ಮೊದಲ ಗದ್ದಲಕ್ಕೆ ಮುಖ ಸಿಂಡರಿಸಿದ. ಆಮೇಲೆ ಬಲಗೈ ತೊಡೆಯ ಮೇಲಿಂದ ಎದ್ದು, ಇಲ್ಲದ ಹಗ್ಗವನ್ನು ಜಗ್ಗತೊಡಗಿತು. ಹಾಡು ಮುಗಿಯುವವರೆಗೂ ಜಗ್ಗಿದ.

"ಎರಡನೇ ಸಾಲಿನ್ಯಾಗ ಓಡಿದಿ ನೀ" ಎಂದ, ಹೆಡ್‌ಫೋನು ತೆಗೆಯುತ್ತ. "ಹಿಡದ್ನಿ."

"ಅಮಾಸಿ ದಿನ ಯಾಕ ನೇಯ್ದೆಪಾ, ಇದರ ಸಲುವಾಗಿ?"

ಅಪ್ಪ ನನ್ನನ್ನು ದಿಟ್ಟಿಸಿದ. "ಯಾರ ನೇಯ್ದ್ರು? ಖಾಲಿ ಲಾಳಿ ಅದು. ನೂಲ ತಗದಿಟ್ಟು ಬರೇ ಲಾಳಿ ಹೊಡದ್ನಿ. ಮುಂಜಾನಿಂದ ಆ ಹುಡುಗ ನಿನಗ ಬೈಯಾಕ ಹತ್ತಿದ್ದ, ಕಿಂಡ್ಯಾಗ ಕೇಳತಿತ್ತು. ತಡೀಲಾರದ ಹೊಡದ್ನಿ. ಮಗ್ಗದ ಮನ್ಯಾಗ ಹುಟ್ಟಿದಾಂವ ನೀ. ನೇಯ್ದಿದ್ರ ಸೀರಿ ಬೆಳೀಬೇಕಿತ್ತಿಲ್ಲೋ? ಗೇಣ ಹಿಡದು ನೋಡಿದ್ರ ಗೊತ್ತಾಗತಿತ್ತು."

ಹೌದು. ನಮ್ಮ ಓಣಿಯಲ್ಲಿ ಐದು ವರ್ಷದ ಮಗುವಿಗೂ ತಿಳಿಯುವ ಮಾತು. ಸೀರೆ ಒಂದು ಬೆರಳೂ ಬೆಳೆದಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೂಗಿದ್ದೆ, ಎರಡು ಹೆಜ್ಜೆ ಒಳಗೆ ಬಂದು ಬಗ್ಗಿ ನೋಡುವ ತಾಳ್ಮೆ ಇರಲಿಲ್ಲ.

"ಹಿರ್ಯಾರ ಮುಂದರ ಹೇಳಬೇಕಿಲ್ಲೋ ಅಪ್ಪಾ?"

"ಹೇಳಿದ್ರ, ಹಂಗಾರ ಲಾಳಿ ಯಾಕ ಹೊಡದಿ ಅಂತ ಕೇಳ್ತಿದ್ರು. ಮಗ ಬಡಿಯೋದಕ್ಕ ತಾಳ ಹಾಕಿದ್ನಿ ಅಂತ ಹೆಂಗ ಹೇಳ್ಲಿ? ಅದೊಂದು ನಗಿ. ಕಾಯಿ ಒಡಿಯೋದ ಹಗರ ಆತು."

ಅವನ ಕಾಲು ಹಿಡಿದುಕೊಂಡೆ. "ತಪ್ಪಾತು ಅಪ್ಪಾ" ಎಂದೆ. "ಆತು ಏಳು" ಎಂದು ತಲೆಯ ಮೇಲೆ ಕೈಯಿಟ್ಟ. ಆಮೇಲೆ ರಸ್ತೆಯ ಕಡೆ ನೋಡುತ್ತ, ತೀರ ಸಣ್ಣ ದನಿಯಲ್ಲಿ ಕೇಳಿದ:

"ಅದರ ಮ್ಯಾಲೆ ಹೆಸರ ಅಚ್ಚ ಹಾಕತಾರೇನು?"

"ಹೂಂ ಅಪ್ಪಾ. ನಿಂದೂ ಹಾಕಸ್ತೀನಿ."

"ಹೆಸರ ಇದ್ರೂ ನಡೀತೈತಿ, ಇಲ್ದಿದ್ರೂ ನಡೀತೈತಿ. ಲಾಳಿ ಖಾಲಿ ಇತ್ತು ಅಂತ ಹಾಕಸ."

ಆಲ್ಬಂ ಫೋನುಗಳಲ್ಲೇ ಬಿಡುಗಡೆಯಾದರೂ ಹಟ ಹಿಡಿದು ಕೆಲವು ಸಿಡಿ ಮಾಡಿಸಿದೆ. ಅವು ಬಂದದ್ದು ಸರಿಯಾಗಿ ಒಂದು ಅಮಾವಾಸ್ಯೆಗೆ ಎಂದು ಬರೆಯಲು ಆಸೆ, ಆದರೆ ಬಂದದ್ದು ಒಂದು ಮಂಗಳವಾರ. ಅಪ್ಪ ತೊಳೆದ ಧೋತರ ಉಟ್ಟು, ಟೋಪಿ ಹಾಕಿ, ಒಂದನ್ನು ಹಿಡಿದುಕೊಂಡು ಕುಂಟುತ್ತ ಗುಡಿಯ ಕಟ್ಟೆಗೆ ಹೊರಟ. ನಾನು ಹಿಂದೆ ಹೋದೆ, ಅವನ ನಡಿಗೆಯಲ್ಲೇ. ಅಂದು ತಪ್ಪುಕಾಯಿ ಒಡೆಸಿದ ಹಿರಿಯರಲ್ಲಿ ಉಳಿದವನು ಗಿರಣಿ ಈರಪ್ಪ ಒಬ್ಬನೇ. ಅಪ್ಪ ಹೊದಿಕೆಯ ಹಿಂಬದಿ ತಿರುಗಿಸಿ ಅವನ ಕೈಗೆ ಕೊಟ್ಟ. ಅವನು ಚಾಳೀಸು ಏರಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ:

"ಏಳನೇ ಹಾಡು. ಮಗ್ಗ, ಈರಪ್ಪ. ನೇಯ್ದಿಲ್ಲ, ಲಾಳಿ ಖಾಲಿ ಇತ್ತು."

ಕಟ್ಟೆಯ ಮೇಲಿದ್ದವರೆಲ್ಲ ಅಪ್ಪನ ಕಡೆ ತಿರುಗಿದರು. ಅಪ್ಪ ಕೋಲೂರಿ ನೆಟ್ಟಗೆ ನಿಂತುಕೊಂಡ.

"ಇನ್ನೊಮ್ಮೆ ಓದೋ ಮಾರಾಯಾ" ಎಂದ. "ಜೋರಾಗಿ ಓದು, ಓಣಿ ಮಗ್ಗ ಎಲ್ಲಾ ನಡದಾವು."